ನೀಲಕ್ಕನ ಕಂಪ್ಯೂಟರಿನ ಕ್ಷೌರ

ಮಹಡಿ ಮನೆ ಬಾಡಿಗೆಗೆ ಕೇಳಲು ಹೋದಾಗ ಅಡಿವೆಪ್ಪನವರು ಮೊದಲು ವಿಚಾರಿಸಿದ್ದು ನಮ್ಮ ಕುಲಗೋತ್ರವನ್ನಲ್ಲ, ನನ್ನ ಗಂಡನ ಸಂಬಳವನ್ನೂ ಅಲ್ಲ. "ನಿಮ್ಮ ಕಂಪ್ಯೂಟ್ರು ಎಷ್ಟು ತೂಕ ಐತೆ?" ಎಂದರು. ನಾನು ಆಗಿನ್ನೂ ಆ ಊರಿಗೆ ಹೊಸ ಸೊಸೆ. ತಮಾಷೆ ಮಾಡುತ್ತಿದ್ದಾರೆಂದು ನಕ್ಕುಬಿಟ್ಟೆ. ನನ್ನ ಗಂಡ ಕೊಟ್ರೇಶಿ ನಗಲಿಲ್ಲ. "ಒಂದು ಮೂಟೆ ರಾಗಿಯಷ್ಟು ಐತ್ರಿ. ಅದಕ್ಕಿಂತ ಹೆಚ್ಚಾಗದಂಗೆ ನೋಡ್ಕಂತೀವಿ" ಎಂದು ಬಹಳ ವಿನಯದಿಂದ ಹೇಳಿದರು. ಅಡಿವೆಪ್ಪನವರು ತಲೆ ಎತ್ತಿ ತೊಲೆಗಳನ್ನೊಮ್ಮೆ ನೋಡಿದರು. ಗೋಡೆಗೆ ಒತ್ತಿಯೇ ಇಡಬೇಕು, ನಡುಮನೆಗೆ ಎಳೆಯಕೂಡದು ಎಂದು ಷರತ್ತು ಹಾಕಿ ಬೀಗದಕೈ ಕೊಟ್ಟರು.

ಗಂಡನ ಹೆಸರು ಹೇಳಬಾರದೆನ್ನುವ ಕಾಲ ಹೋಯಿತು, ಅದಕ್ಕೇ ಒಂದು ಸಲ ಹೇಳಿದೆ. ಮನೆಯಲ್ಲಿ ನಾನು ‘ಇವರು’ ಅನ್ನುವುದೇ ರೂಢಿ, ಇಲ್ಲೂ ಹಾಗೇ ಅನ್ನುತ್ತೇನೆ.

ನಮ್ಮೂರಿನಲ್ಲಿ ಕಂಪ್ಯೂಟರಿಗೆ ಏನು ತುಂಬಿದರೂ ಅದಕ್ಕೊಂದು ತೂಕ ಬರುತ್ತದೆ. ಫೋಟೋ ಹಾಕಿದರೆ ಹುಣಸೆಬೀಜದಷ್ಟು, ಹಾಡು ಹಾಕಿದರೆ ನಿಂಬೆಹಣ್ಣಿನಷ್ಟು, ಮದುವೆಯ ವಿಡಿಯೋ ಹಾಕಿದರೆ ರುಬ್ಬುವ ಗುಂಡಿನಷ್ಟು. ಹೊರಗಿನವರಿಗೆ ಇದು ಸೋಜಿಗ, ನಮಗೆ ಬರೀ ತಾಪತ್ರಯ. ಮೊಬೈಲಿಗೆ ಹಾಡು ತುಂಬಿಕೊಂಡು ತಿರುಗುವ ಹುಡುಗರ ಜೇಬು ಹರಿದಿರುತ್ತದೆ, ಪ್ಯಾಂಟು ಒಂದು ಕಡೆಗೆ ಜಾರಿರುತ್ತದೆ. ಆದ್ದರಿಂದ ಬುದ್ಧಿ ಇದ್ದವರ ಮೊಬೈಲು ಮಾತಾಡಲು ಮಾತ್ರ. ನೆಲಮನೆ ಇದ್ದವರು ನಮ್ಮಲ್ಲಿ ಭಾಗ್ಯವಂತರು. ಅವರು ಮೊಮ್ಮಕ್ಕಳ ನಾಮಕರಣದ ವಿಡಿಯೋವನ್ನೂ ಧೈರ್ಯವಾಗಿ ಇಟ್ಟುಕೊಳ್ಳುತ್ತಾರೆ. ಆ ಮನೆಗಳು ಅಪ್ಪನಿಂದ ಮಗನಿಗೆ ಹೋಗುತ್ತವೆಯೇ ಹೊರತು ಬಾಡಿಗೆಗೆ ಸಿಗುವುದಿಲ್ಲ. ಮಹಡಿಯಲ್ಲಿರುವ ನಮ್ಮಂಥವರು ಏನನ್ನಾದರೂ ಒಳಗೆ ಹಾಕುವ ಮುಂಚೆ ಏನನ್ನು ಹೊರಗೆ ಹಾಕಬೇಕೆಂದು ಯೋಚಿಸಬೇಕು. ಒಂದನ್ನು ಎರಡು ಮಾಡಿ ಜೋಪಾನವಾಗಿ ಇಟ್ಟುಕೊಳ್ಳಿ ಎಂದು ಕಂಪ್ಯೂಟರಿನ ಪುಸ್ತಕಗಳಲ್ಲಿ ಬರೆದಿರುತ್ತದಂತೆ. ನಮ್ಮೂರಿನವರು ಅದನ್ನು ಓದಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಒಂದನ್ನು ಹೊರುವುದೇ ಕಷ್ಟವಾಗಿರುವಾಗ ಎರಡನೆಯದನ್ನು ಎಲ್ಲಿಡುವುದು?

ಏನೂ ತುಂಬದೆ ಬರೀ ವಿಂಡೋಸ್ ಹಾಕಿಸಿದರೂ ಅರ್ಧ ಮೂಟೆ ಭಾರ. ಅದರ ಮೇಲೆ ಆಗಾಗ ಬರುವ ಅಪ್‌ಡೇಟು ಬೇರೆ. ಅಪ್‌ಡೇಟ್ ಬಂದ ಮರುದಿನ ಊರಿನ ಬಡಗಿಗಳಿಗೆ ಪುರುಸೊತ್ತು ಇರುವುದಿಲ್ಲ. ಎಲ್ಲರ ಮನೆಯಲ್ಲೂ ತೊಲೆಗೆ ಆಸರೆಗಂಬ ಕೊಡುವ ಕೆಲಸವೇ.

ನಮ್ಮ ಮನೆಯ ಕಂಪ್ಯೂಟರು ನಮ್ಮದಲ್ಲ, ನೀಲಕ್ಕನದು. ನೀಲಕ್ಕ ಇವರ ಒಡಹುಟ್ಟಿದ ಅಕ್ಕ. ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದರು. ನಲವತ್ತು ದಾಟುತ್ತಿದ್ದಂತೆ ಕಣ್ಣು ಮಂಜಾಗುತ್ತಾ ಬಂದು, ಕೊನೆಗೆ ಕಿಟಕಿ ಯಾವ ಕಡೆ ಇದೆ ಎಂಬುದಷ್ಟೇ ತಿಳಿಯುವ ಹಾಗಾಯಿತು. ಮದುವೆ ಮಾಡಿಕೊಂಡವರಲ್ಲ, ನಮ್ಮ ಜೊತೆಗೇ ಇದ್ದಾರೆ. ಕಣ್ಣು ಹೋದ ಹೊಸದರಲ್ಲಿ ಯಾರಾದರೂ ಪೇಪರು ಓದಿ ಹೇಳುತ್ತಾರಾ ಎಂದು ಬಾಗಿಲಲ್ಲಿ ಕೂತು ಕಾಯುತ್ತಿದ್ದರಂತೆ. ಆಗ ಪಕ್ಕದ ಜಿಲ್ಲೆಯ ಯಾರೋ ಕಾಲೇಜು ಮೇಷ್ಟರು ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದುವ ಒಂದು ದನಿಯನ್ನು ತಾವೇ ಕೂತು ತಯಾರಿಸಿ, ಕೇಳಿದವರಿಗೆಲ್ಲ ಹಂಚುತ್ತಿದ್ದರು. ಅದು ನೀಲಕ್ಕನ ಕಂಪ್ಯೂಟರಿಗೂ ಬಂತು. ಹೆಣ್ಣುದನಿ. ನೆಗಡಿಯಾದವರ ಹಾಗೆ ಸ್ವಲ್ಪ ಮೂಗಿನಲ್ಲಿ ಮಾತು.

ಮೊದಮೊದಲು ಅದು ಎಡವಟ್ಟಾಗಿ ಓದುತ್ತಿತ್ತು. ಊರಿನ ಹೆಸರು, ಮನೆತನದ ಹೆಸರು, ಹಬ್ಬದ ಹೆಸರು ಎಲ್ಲವನ್ನೂ ತಪ್ಪಾಗಿ ಹೇಳುತ್ತಿತ್ತು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ ಓಡುತ್ತಿತ್ತು. ನೀಲಕ್ಕ ಹಳೇ ಟೀಚರಲ್ಲವೇ, ಬಿಡಲಿಲ್ಲ. ಒಂದೊಂದು ಪದವನ್ನೂ ಹೀಗೆ ಹೇಳು, ಇಲ್ಲಿ ಉಸಿರು ತಗೋ ಎಂದು ಅದಕ್ಕೆ ಕಲಿಸುತ್ತಾ ಕೂತರು. ನಾನು ಈ ಮನೆಗೆ ಬರುವ ಹೊತ್ತಿಗೆ ಅದು ನಮ್ಮೂರಲ್ಲೇ ಹುಟ್ಟಿ ಬೆಳೆದವಳ ಹಾಗೆ ಓದುತ್ತಿತ್ತು. ಬೆಳಿಗ್ಗೆ ಕಾಫಿ ಕುಡಿದು ನೀಲಕ್ಕ ಅದರ ಮುಂದೆ ಕೂತರೆ ನಾನು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಲೋಕದ ಸುದ್ದಿಯನ್ನೆಲ್ಲ ಕೇಳುತ್ತಿದ್ದೆ. ಮಂತ್ರಿಗಳ ಭಾಷಣವಾದ ಮೇಲೆ ಈರುಳ್ಳಿ ಧಾರಣೆ, ಆಮೇಲೆ ಟೆಂಡರ್ ಪ್ರಕಟಣೆ, ಬೋರ್‌ವೆಲ್ ಜಾಹೀರಾತು, ತಪ್ಪಿಸಿಕೊಂಡ ಎಮ್ಮೆ. "ಟೆಂಡರು ಕಟ್ಕಂಡು ನಿಮಗೇನಾಗ್ಬೇಕಕ್ಕ?" ಎಂದು ಒಂದು ದಿನ ಕೇಳಿದೆ. "ಎಲ್ಲಿ ರಸ್ತೆ ಆಗ್ತೈತೆ, ಎಲ್ಲಿ ಸೇತುವೆ ಬರ್ತೈತೆ, ಅದ್ರಾಗೇ ಕಣಮ್ಮ ಗೊತ್ತಾಗೋದು" ಎಂದರು. ಭೂಗೋಳದ ಟೀಚರು.

ಆದರೆ ಕಲಿಸಿದ್ದಕ್ಕೂ ತೂಕ ಬರುತ್ತದಲ್ಲ. ಒಂದು ಪದಕ್ಕೆ ಒಂದು ರಾಗಿಕಾಳಿನಷ್ಟು ಎಂದರೂ ವರ್ಷಗಟ್ಟಲೆ ಕಲಿಸಿದ್ದು ಎಷ್ಟಾಗಿರಬೇಡ. ಜೊತೆಗೆ ನೀಲಕ್ಕ ಓದಲೆಂದು ತರಿಸಿಕೊಂಡ ಪುಸ್ತಕಗಳು, ಅಪ್‌ಡೇಟುಗಳು. ನೆಲದ ಹಲಗೆ ತಗ್ಗಿತು. ಕೆಳಗೆ ಅಡಿವೆಪ್ಪನವರು ಊಟಕ್ಕೆ ಕೂತಾಗ ಅವರ ಸಾರಿನ ಬಟ್ಟಲಿಗೆ ಸೂರಿನ ಗಾರೆ ಬಿತ್ತು. ಅವರು ಆ ಬಟ್ಟಲನ್ನೇ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು.

"ನೋಡ್ರಿ ಟೀಚರಮ್ಮ, ನಿಮ್ಮ ಮ್ಯಾಲೆ ನಂಗೇನೂ ಸಿಟ್ಟಿಲ್ಲ. ಆದ್ರೆ ಇವತ್ತು ಗಾರೆ ಬಿದ್ದೈತೆ, ನಾಳೆ ತೊಲೆ ಬಿದ್ರೆ ನನ್ನ ಹೆಂಡ್ತಿ ಮಕ್ಕಳ ಗತಿ? ದಸರೆ ಒಳಗೆ ಭಾರ ಇಳಿಸ್ಬೇಕು. ಇಲ್ಲ ಅಂದ್ರೆ ಕಂಪ್ಯೂಟ್ರನ್ನ ಬ್ಯಾರೆ ಕಡೆ ಸಾಗಿಸ್ಬೇಕು."

ಅವರು ಹೇಳಿದ್ದರಲ್ಲಿ ಅನ್ಯಾಯವೇನೂ ಇರಲಿಲ್ಲ. ಅದೇ ದಿನ ನೀಲಕ್ಕ ತಮ್ಮ ಹಳೆಯ ಫೋಟೋಗಳನ್ನೆಲ್ಲ ಅಳಿಸಿಹಾಕಿಸಿದರು. ಶಾಲೆಯ ವಾರ್ಷಿಕೋತ್ಸವ, ಪ್ರವಾಸ, ತಂದೆತಾಯಿ. "ನಂಗೆ ಫೋಟೋ ಯಾಕೆ, ನೋಡೋರ್ಯಾರು" ಎಂದು ನಗುತ್ತಲೇ ಹೇಳಿದರು. ಅಳಿಸಿದವಳು ನಾನು. ಒಂದೊಂದನ್ನೂ ಅಳಿಸುವ ಮುಂಚೆ ಅದರಲ್ಲಿ ಏನಿದೆ ಎಂದು ಹೇಳಿಸಿಕೊಂಡರು. ಅಷ್ಟು ಮಾಡಿದರೂ ಇಳಿದದ್ದು ಒಂದು ಕುಂಬಳಕಾಯಿಯಷ್ಟು.

ಈಗ ಇವರ ವಿಷಯ ಹೇಳಬೇಕು. ನನ್ನ ಗಂಡ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಡದ್ದನ್ನು ಕಿತ್ತುಹಾಕುವುದೆಂದರೆ ಇವರಿಗೆ ಏನೋ ಸಂತೋಷ. ಹೊಸ ಅಂಗಿ ತಂದರೆ ಮೊದಲು ಕತ್ತರಿ ತಗೊಂಡು ಕಾಲರಿನ ಪಟ್ಟಿ ಕತ್ತರಿಸುತ್ತಾರೆ. ಗಡಿಯಾರದ ಬೆಲ್ಟಿನಲ್ಲಿ ತಮಗೆ ಬೇಕಾದ ತೂತು ಬಿಟ್ಟು ಉಳಿದ ಬಾಲವನ್ನು ಕೊಯ್ದುಬಿಡುತ್ತಾರೆ. ಅಂಗಡಿಯಲ್ಲಿ ಪೇಸ್ಟು ಕೊಂಡರೆ ಡಬ್ಬಿಯನ್ನು ಅಲ್ಲೇ ಬಿಸಾಕಿ ಬರುತ್ತಾರೆ. ಒಂದು ಸಲ ನನ್ನ ಮಿಕ್ಸಿಯ ಜೊತೆ ಬಂದಿದ್ದ ಸಣ್ಣ ಜಾರನ್ನು, ನೀನು ಇದನ್ನು ಮುಟ್ಟಿದ್ದೇ ನೋಡಿಲ್ಲ ಎಂದು ಗುಜರಿಗೆ ಹಾಕಿದ್ದರು. ಮಸಾಲೆ ಪುಡಿ ಮಾಡುವಾಗ ನಾನೇನು ಇವರನ್ನು ಕರೆದು ತೋರಿಸುತ್ತಿದ್ದೆನೇ? ಇವರು ನೋಡದ್ದು ಇವರ ಲೆಕ್ಕಕ್ಕೆ ಇಲ್ಲದ್ದು.

ನಮ್ಮ ಪೇಟೆಯ ನಡುವೆ ತೂಕದ ಕಟ್ಟೆ ಇದೆ. ಭಾನುವಾರ ಬೆಳಿಗ್ಗೆ ಗಂಡಸರು ಕಂಪ್ಯೂಟರನ್ನು ಕೈಗಾಡಿಯಲ್ಲಿ ತಂದು ಅಲ್ಲಿನ ದೊಡ್ಡ ತಕ್ಕಡಿಯಲ್ಲಿ ತೂಗಿಸುತ್ತಾರೆ, ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾರೆ. ಆ ವರ್ಷ ಅಲ್ಲಿ ಹೊಸದೊಂದು ಹುಚ್ಚು ಶುರುವಾಗಿತ್ತು. ಟೈಲರ್ ಚಂದ್ರಕಾಂತನ ಮನೆಗೆ ಬಂದಿದ್ದ ಬೀಗರ ಕಡೆಯವರು ಯಾರೋ ಒಂದು ಪೆನ್‌ಡ್ರೈವ್ ಬಿಟ್ಟುಹೋಗಿದ್ದರು. ಅದರೊಳಗಿನ ಪ್ರೋಗ್ರಾಮನ್ನು ಓಡಿಸಿದರೆ ವಿಂಡೋಸಿನಲ್ಲಿರುವ ಬೇಡದ ಭಾಗಗಳನ್ನೆಲ್ಲ ಕಿತ್ತು, ಬೇಕಾದಷ್ಟನ್ನೇ ಉಳಿಸಿ, ಯಂತ್ರವನ್ನು ನುಣ್ಣಗೆ ಮಾಡಿಬಿಡುತ್ತಿತ್ತು. ಊರಿನವರು ಅದಕ್ಕೆ ಕ್ಷೌರ ಎಂದು ಹೆಸರಿಟ್ಟರು. ಎದುರು ಸಿಕ್ಕವರು "ನಿಮ್ಮದಕ್ಕೆ ಕ್ಷೌರ ಆತಾ?" ಎಂದೇ ಕೇಳುವುದು. ಅದನ್ನು ತಯಾರಿಸಿದವರು ಯಾರು, ಎಲ್ಲಿಯವರು ಎಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿರಬೇಕೆಂದು ಯಾರಿಗೂ ಅನ್ನಿಸಲೂ ಇಲ್ಲ. ಆ ಪ್ರೋಗ್ರಾಂ ತೂಗಿದರೆ ಒಂದು ಮೆಂತ್ಯದ ಕಾಳಿನಷ್ಟಿತ್ತು. ನಮ್ಮೂರಿನವರ ಸ್ವಭಾವ ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಭಾರವಾದದ್ದನ್ನೆಲ್ಲ ನಾವು ಅನುಮಾನದಿಂದ ನೋಡುತ್ತೇವೆ. ಹಗುರವಾದದ್ದು ಮೋಸ ಮಾಡುತ್ತದೆಂದು ನಮಗೆ ಹೊಳೆಯುವುದೇ ಇಲ್ಲ.

ಇವರು ಒಂದು ಭಾನುವಾರ ಕಟ್ಟೆಯಲ್ಲಿ ಕೂತಿದ್ದಾಗ ಚಂದ್ರಕಾಂತ ತನ್ನ ಕಂಪ್ಯೂಟರನ್ನು ಬಟ್ಟೆಗಂಟಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಬಂದನಂತೆ. ಜನ ಎದ್ದು ನಿಂತು ನೋಡಿದರಂತೆ. ಅವತ್ತೇ ಪೆನ್‌ಡ್ರೈವ್ ನಮ್ಮ ಮನೆಗೆ ಬಂತು.

"ಯಾರೋ ಪುಣ್ಯಾತ್ಮ ಎಲ್ಲಾರಿಗೂ ಉಪಕಾರ ಆಗ್ಲಿ ಅಂತ ಪುಕ್ಕಟೆ ಕೊಟ್ಟಾನೆ ಅಕ್ಕ. ಅರ್ಧಕ್ಕರ್ಧ ತೂಕ ಇಳೀತೈತೆ. ಅಡಿವೆಪ್ಪನೋರ ಬಾಯಿನೂ ಮುಚ್ತೈತೆ."

ನೀಲಕ್ಕ ಕಂಪ್ಯೂಟರಿನ ಪಕ್ಕದಲ್ಲೇ ಕೂತಿದ್ದರು. ಅದರ ಮೇಲೆ ಕೈ ಇಟ್ಟುಕೊಂಡು, "ನನ್ನ ದನಿ ಇರ್ತೈತಲ್ಲೋ?" ಎಂದು ಕೇಳಿದರು.

"ಅದ್ರ ತಂಟೆಗೇ ಹೋಗಲ್ಲ. ಅದಿರ್ಲಿ ಅಂತಾನೇ ಅಲ್ವಾ ಇದೆಲ್ಲ ಮಾಡ್ತಿರೋದು."

"ಹಂಗಾದ್ರೆ ಮಾಡು. ನಂಗೇನು ಕಾಣ್ತೈತೆ, ನೀನು ನೋಡ್ಕಂಡು ಮಾಡಪ್ಪ."

ಇವರು ನಿಜವಾಗಿಯೂ ನೋಡಿಕೊಂಡೇ ಮಾಡಿದರು. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಪ್ರೋಗ್ರಾಂ ತೆರೆದರೆ ಪರದೆಯ ತುಂಬ ಸಾಲುಸಾಲಾಗಿ ಹೆಸರುಗಳು, ಒಂದೊಂದರ ಮುಂದೆ ಒಂದು ಪುಟ್ಟ ಚೌಕ. ಗುರುತು ಹಾಕಿದ್ದು ಹೋಗುತ್ತದೆ, ಹಾಕದ್ದು ಉಳಿಯುತ್ತದೆ. ಶುರುವಿನಲ್ಲಿ ಇವರು ಒಂದೊಂದನ್ನೂ ಓದಿದರು. ಪ್ರಿಂಟರಿನದು, ನಮ್ಮಲ್ಲಿ ಪ್ರಿಂಟರಿಲ್ಲ, ಹೋಗಲಿ. ಆಟದ್ದು, ಆಡುವವರಿಲ್ಲ, ಹೋಗಲಿ. ಹವಾಮಾನದ್ದು, ಕಿಟಕಿ ತೆಗೆದರೆ ಗೊತ್ತಾಗುತ್ತದೆ, ಹೋಗಲಿ. ಇವರ ಮುಖದಲ್ಲಿ ಅಂಗಿಯ ಪಟ್ಟಿ ಕತ್ತರಿಸುವಾಗಿನ ಸುಖ ಕಾಣುತ್ತಿತ್ತು. ನೀಲಕ್ಕನ ದನಿಯ ಹೆಸರು ಬಂದಾಗ ಬೆರಳು ಇಟ್ಟು ತೋರಿಸಿ, "ನೋಡು, ಇದನ್ನ ಮುಟ್ಟಿಲ್ಲ" ಎಂದು ನನ್ನ ಕೈಲೂ ಹ್ಞೂಂ ಅನ್ನಿಸಿದರು. ಆಮೇಲೆ ಬಂದ ಹೆಸರುಗಳು ನಮಗೆ ತಲೆಬುಡ ತಿಳಿಯುವಂಥವಲ್ಲ. ನೂರಾರು ಇದ್ದವು. ಕೆಳಗೆ ಒಂದು ಗುಂಡಿ ಇತ್ತು. ಪ್ರೋಗ್ರಾಂ ಮಾಡಿದಾತ ತಾನೇ ಆರಿಸಿಟ್ಟದ್ದು, ಇವನ್ನೆಲ್ಲ ತೆಗೆದರೂ ಯಾರಿಗೂ ಏನೂ ತೊಂದರೆಯಿಲ್ಲ ಎಂದು ಅದರ ಪಕ್ಕದಲ್ಲಿ ಬರೆದಿತ್ತು.

"ಮಾಡಿದೋನಿಗಿಂತ ನಮಗೆ ಹೆಚ್ಚು ಗೊತ್ತಾ?" ಎಂದು ಇವರು ಆ ಗುಂಡಿ ಒತ್ತಿದರು.

ಅಕ್ಕ ತಮ್ಮನನ್ನು ನಂಬಿದ್ದರು. ತಮ್ಮ ಆ ಹೆಸರಿಲ್ಲದ ಪುಣ್ಯಾತ್ಮನನ್ನು ನಂಬಿದರು. ಆತ ಮನಸ್ಸಿನಲ್ಲಿ ಯಾರನ್ನು ಇಟ್ಟುಕೊಂಡು ಅದನ್ನು ತಯಾರಿಸಿದನೋ ನನಗೆ ಗೊತ್ತಿಲ್ಲ. ಎರಡು ಕಣ್ಣೂ ನೆಟ್ಟಗಿರುವ, ಬೆರಳು ಚುರುಕಾದ, ತನ್ನಂಥ ಒಬ್ಬನನ್ನೇ ಇಟ್ಟುಕೊಂಡಿರಬೇಕು. ಅವನ ಲೋಕದಲ್ಲಿ ನೀಲಕ್ಕ ಇರಲಿಲ್ಲ.

ಯಂತ್ರ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿತು. ನೋಡನೋಡುತ್ತಿದ್ದಂತೆ ತಗ್ಗಿದ್ದ ಹಲಗೆ ಮೆಲ್ಲಗೆ ಮೇಲೆ ಬಂತು. ಕೆಳಗಿನಿಂದ ಅಡಿವೆಪ್ಪನವರ ಹೆಂಡತಿ, "ಏನ್ರೀ ಅದು, ನಮ್ಮ ತೊಲೆ ನಿಟ್ಟುಸಿರು ಬಿಟ್ಟಂಗಾತು" ಎಂದು ಕೂಗಿ ಕೇಳಿದರು. ಇವರು ಕಂಪ್ಯೂಟರನ್ನು ಒಂದೇ ಕೈಯಲ್ಲಿ ಎತ್ತಿದರು. ನಾನೂ ಎತ್ತಿ ನೋಡಿದೆ, ತುಂಬಿದ ಕೊಡದಷ್ಟೂ ಇರಲಿಲ್ಲ. ಇವರಿಗೆ ಎಷ್ಟು ಹಿಗ್ಗಾಯಿತೆಂದರೆ, ಅದನ್ನು ಚಾಲೂ ಮಾಡಿ ನೋಡುವ ಮೊದಲೇ ಹೆಗಲ ಮೇಲಿಟ್ಟುಕೊಂಡು ಪೇಟೆಗೆ ಹೊರಟುಬಿಟ್ಟರು. ತೂಕದ ಕಟ್ಟೆಯಲ್ಲಿ ಚಂದ್ರಕಾಂತನ ದಾಖಲೆ ಮುರಿಯಿತಂತೆ. ಇವರಿಗೆ ಯಾರೋ ಚಹಾ ಕೊಡಿಸಿದರಂತೆ. ಅಡಿವೆಪ್ಪನವರು ಮೆಟ್ಟಿಲ ಹತ್ತಿರ ಕಾದು ನಿಂತು, ಒಂದು ಹಲಸಿನ ಹಣ್ಣಿನ ಅರ್ಧ ಹೋಳನ್ನು ನಮಗೆ ಕೊಟ್ಟರು. ಎಷ್ಟೋ ತಿಂಗಳ ಮೇಲೆ ಎಲ್ಲರೂ ನಗುನಗುತ್ತಾ ಮಾತಾಡಿದ ದಿನ ಅದು.

ಮಧ್ಯಾಹ್ನ ಊಟವಾದ ಮೇಲೆ ನೀಲಕ್ಕ ತಮ್ಮ ಜಾಗಕ್ಕೆ ಬಂದು ಕೂತರು. ಗುಂಡಿ ಒತ್ತಿದರು. ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಚಾಲೂ ಆಯಿತು, ಹಿಂದೆ ಅದಕ್ಕೆ ಹಾಲು ಕಾಯುವಷ್ಟು ಹೊತ್ತು ಬೇಕಾಗುತ್ತಿತ್ತು. ಇವರು ಹೆಮ್ಮೆಯಿಂದ ನನ್ನ ಕಡೆ ನೋಡಿದರು. ನೀಲಕ್ಕ ಕೀಲಿ ಒತ್ತಿದರು. ಮತ್ತೆ ಒತ್ತಿದರು. ಕೈ ಅದೇ ಜಾಗದಲ್ಲಿದೆಯೋ ಇಲ್ಲವೋ ಎಂದು ಮೊದಲ ಕೀಲಿಯಿಂದ ಎಣಿಸಿಕೊಂಡು ಬಂದು ಮತ್ತೊಮ್ಮೆ ಒತ್ತಿದರು.

"ಕೊಟ್ರೇಶಿ, ಇದು ಚಾಲೂ ಆಗೈತಾ?"

"ಆಗೈತಲ್ಲಕ್ಕ."

"ಮಾತಾಡ್ತಿಲ್ಲ ಕಣೋ."

ಇವರು ಬಗ್ಗಿ ನೋಡಿದರು. ದನಿಯ ಹೆಸರು ಇದ್ದ ಜಾಗದಲ್ಲೇ ಇತ್ತು. ಅದನ್ನು ಮುಟ್ಟಿರಲಿಲ್ಲ ಎಂದು ಇವರು ಹೇಳಿದ್ದು ನಿಜ. ಆದರೆ ಅದು ಯಾವುದರ ಮೇಲೆ ನಿಂತು ಮಾತಾಡುತ್ತಿತ್ತೋ ಆ ಭಾಗವೇ ಹೋಗಿತ್ತು. ನೀಲಕ್ಕ ಕಲಿಸಿದ್ದ ಮಾತುಗಳನ್ನೆಲ್ಲ ಕೂಡಿಟ್ಟಿದ್ದ ಜಾಗವನ್ನು ಪ್ರೋಗ್ರಾಂ ಕಸವೆಂದು ತಿಳಿದು ಗುಡಿಸಿಹಾಕಿತ್ತು. ಇವರು ಅಲ್ಲಿ ಒತ್ತಿದರು, ಇಲ್ಲಿ ಒತ್ತಿದರು, ಮುಚ್ಚಿ ತೆರೆದರು. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಚಂದ್ರಕಾಂತನ ಅಂಗಡಿಗೆ ಓಡಿದರು.

ಚಂದ್ರಕಾಂತ ಹೊಲಿಗೆ ನಿಲ್ಲಿಸಿ ಇವರು ಹೇಳಿದ್ದನ್ನೆಲ್ಲ ಕೇಳಿದನಂತೆ. "ನಂಗೇನ್ ಗೊತ್ತು ಕೊಟ್ರೇಶಣ್ಣ, ನನ್ನ ಮಿಷನ್ ಯಾವತ್ತೂ ಮಾತಾಡಿದ್ದೇ ಇಲ್ಲ" ಎಂದನಂತೆ.

"ಹಿಂದಕ್ಕೆ ಹೋಗೋ ದಾರಿ ಇರ್ತೈತಲ್ಲ. ನಿನ್ನೆ ಹೆಂಗಿತ್ತೋ ಹಂಗೆ ಮಾಡೋದು."

"ಅದೇ ಅಲ್ವೇನಣ್ಣ ಎಲ್ಲದಕ್ಕಿಂತ ಭಾರ ಇದ್ದಿದ್ದು? ಕ್ಷೌರದಾಗೆ ಮೊದ್ಲು ಹೋಗೋದೇ ಅದು."

ಚಂದ್ರಕಾಂತನ ಮೇಲೆ ಕೋಪ ಮಾಡಿಕೊಳ್ಳಲು ಇವರಿಗೆ ಕಾರಣ ಸಿಗಲಿಲ್ಲ. ಪ್ರೋಗ್ರಾಂ ಮಾಡಿದವನ ಮೇಲೆ ಮಾಡಿಕೊಳ್ಳೋಣವೆಂದರೆ ಅವನಿಗೆ ಹೆಸರಿಲ್ಲ, ವಿಳಾಸವಿಲ್ಲ. ಹಾಗಾಗಿ ಇವರ ಕೋಪವೆಲ್ಲ ಇವರ ಮೇಲೆಯೇ ತಿರುಗಿತು. ಮನೆಗೆ ಬಂದವರು ಅಕ್ಕನ ಎದುರಿಗೆ ಹೋಗದೆ ಅಡುಗೆಮನೆಯಲ್ಲಿ ನನ್ನ ಹತ್ತಿರ ನಿಂತರು. ನಾನು ಬೈಯಬೇಕೆಂದಿದ್ದೆ. ಮಿಕ್ಸಿ ಜಾರಿನ ಕಾಲದಿಂದ ಕೂಡಿಟ್ಟಿದ್ದ ಬೈಗುಳ ನನ್ನ ಬಳಿ ಬೇಕಾದಷ್ಟಿತ್ತು. ಇವರ ಮುಖ ನೋಡಿದ ಮೇಲೆ ಒಂದೂ ಬರಲಿಲ್ಲ. ಒಳಗೆ ನೀಲಕ್ಕ ಇನ್ನೂ ಕೀಲಿ ಒತ್ತುತ್ತಿದ್ದ ಸದ್ದು ಕೇಳುತ್ತಿತ್ತು.

ಇವರು ರಜೆ ಹಾಕಿ ಪಕ್ಕದ ಜಿಲ್ಲೆಗೆ ಆ ಕಾಲೇಜು ಮೇಷ್ಟರನ್ನು ಹುಡುಕಿಕೊಂಡು ಹೋದರು. ಮೇಷ್ಟರು ತೀರಿಹೋಗಿದ್ದರು. ಅವರು ಮಾಡಿದ್ದನ್ನೆಲ್ಲ ಇಟ್ಟುಕೊಂಡವರು ಯಾರೂ ಇರಲಿಲ್ಲ. ಅವರ ಹೆಂಡತಿ ಇವರಿಗೆ ಊಟಕ್ಕೆ ಬಡಿಸಿ, "ನಮ್ಮೋರು ಮಾಡಿದ ದನಿ ಅಷ್ಟು ವರ್ಷ ಯಾರಿಗೋ ಉಪಯೋಗಕ್ಕೆ ಬಂತಲ್ಲ" ಎಂದು ಕಣ್ಣೊರೆಸಿಕೊಂಡರಂತೆ. ಇವರು ಅಲ್ಲಿ ನಿಜ ಹೇಳಲಿಲ್ಲ. ಈಗಲೂ ಆ ದನಿ ಓದುತ್ತಿದೆ, ಹೊಸ ಯಂತ್ರಕ್ಕೆ ಹಾಕಲು ಇನ್ನೊಂದು ಬೇಕಾಗಿತ್ತು, ಅಷ್ಟೇ ಎಂದು ಹೇಳಿ ಬಂದರು.

ಪೇಟೆಯ ರಿಪೇರಿ ಅಂಗಡಿಯವರು ವಿಂಡೋಸನ್ನು ಮತ್ತೆ ಪೂರ್ತಿ ಹಾಕಿಕೊಟ್ಟರು. ಅದು ಮತ್ತೆ ಅರ್ಧ ಮೂಟೆ ಭಾರವಾಯಿತು, ಆದರೆ ಈಗಿನ ವಿಂಡೋಸಿನ ಮೇಲೆ ಹಳೇ ದನಿ ನಿಲ್ಲಲಿಲ್ಲ. ಕನ್ನಡ ಓದುವ ಹೊಸ ದನಿ ಒಂದು ಬಂದಿದೆ, ಅಚ್ಚುಕಟ್ಟಾಗಿ ಓದುತ್ತದೆ ಎಂದರು. ಅಂಗಡಿಯಲ್ಲೇ ಕೇಳಿಸಿದರು. ಚೆನ್ನಾಗಿಯೇ ಇತ್ತು. ಆದರೆ ಅದರ ತೂಕ ಒಂದು ಎಮ್ಮೆಯಷ್ಟು, ಅಂಗಡಿಯ ಕಲ್ಲುಚಪ್ಪಡಿಯ ನೆಲವೇ ಬಿರುಕು ಬಿಟ್ಟಿತ್ತು. ಮಹಡಿಯ ಮೇಲೆ ಅದನ್ನು ಇಡುವ ಮಾತೇ ಇಲ್ಲ. ನೆಲಮನೆ ಸಿಕ್ಕರೆ ಮಾತ್ರ. ಇವರು ಅಂದಿನಿಂದ ಸಿಕ್ಕವರನ್ನೆಲ್ಲ ನೆಲಮನೆ ಇದೆಯಾ ಎಂದು ಕೇಳುತ್ತಲೇ ಇದ್ದಾರೆ. ಜನ ಇವರನ್ನು ಕಂಡರೆ ಕೇಳುವ ಮೊದಲೇ ಇಲ್ಲ ಎಂದು ಕೈಯಾಡಿಸುತ್ತಾರೆ.

"ಹೋಗ್ಲಿ ಬಿಡೋ" ಎಂದಿದ್ದರು ನೀಲಕ್ಕ. ಅದೊಂದೇ ಮಾತು. ಒಂದು ಸಲವಾದರೂ ಕೂಗಾಡಿದ್ದರೆ ನಮಗೆ ಸಮಾಧಾನವಾಗುತ್ತಿತ್ತು. ಅವರು ತಮ್ಮ ಕುರ್ಚಿಯನ್ನು ಕಂಪ್ಯೂಟರಿನ ಮುಂದಿನಿಂದ ಎಳೆದು ಕಿಟಕಿಯ ಹತ್ತಿರ ಹಾಕಿಕೊಂಡರು.

ಇವರು ದಿನಾ ಆಫೀಸಿಗೆ ಹೋಗುವ ಮುಂಚೆ ಅಕ್ಕನಿಗೆ ಪೇಪರು ಓದಲು ಶುರು ಮಾಡಿದರು. ಪಾಪ, ಮನಸ್ಸಿಟ್ಟು ಓದುತ್ತಿದ್ದರು. ಆದರೆ ಸ್ವಭಾವ ಎಲ್ಲಿಗೆ ಹೋಗುತ್ತದೆ? ಮುಖ್ಯ ಸುದ್ದಿ ಓದಿ, "ಆಮೇಲೆ ಅದೇ ಹಳೇ ರಾಮಾಯಣ" ಎಂದು ಉಳಿದರ್ಧ ಬಿಟ್ಟುಬಿಡುವುದು. ಟೆಂಡರು ಬಿಡುವುದು, ಜಾಹೀರಾತು ಬಿಡುವುದು. ನಾನು ಅಡುಗೆಮನೆಯಿಂದ ಕೇಳುತ್ತಿದ್ದೆ, ಒಂದು ಪೇಪರು ಒಲೆಯ ಮೇಲಿನ ಅನ್ನ ಬೇಯುವುದರೊಳಗೆ ಮುಗಿದುಹೋಗುತ್ತಿತ್ತು. ಇವರಿಗೆ ತಾವು ಬಿಡುತ್ತಿದ್ದೇವೆಂದು ಗೊತ್ತೇ ಇರಲಿಲ್ಲ. ನೀಲಕ್ಕ, "ಅಷ್ಟೇನಾ ಇವತ್ತು?" ಎನ್ನುವರು. "ಅಷ್ಟೇ ಅಕ್ಕ, ಏನೂ ಇಲ್ಲ" ಎಂದು ಇವರು ಪೇಪರು ಮಡಚುವರು.

ಒಂದು ದಿನ ನೀಲಕ್ಕನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಗಳ ಮದುವೆಗೆ ಕರೆಯಲು ಬಂದಳು. ಕುಂಕುಮ ಕೊಟ್ಟು, ಅದೂ ಇದೂ ಮಾತಾಡಿ, "ವಿಮಲಾಬಾಯಿ ಟೀಚರ್ ಮಣ್ಣಿಗೆ ನೀವು ಬರ್ತೀರಿ ಅಂತ ಎಲ್ಲಾರೂ ಕಾಯ್ತಿದ್ವಿ ಮೇಡಂ. ಮೈಗೇನಾದ್ರೂ ಹುಷಾರಿರಲಿಲ್ಲೇನ್ರಿ?" ಎಂದಳು. ವಿಮಲಾಬಾಯಿ ಚಿತ್ರಕಲೆ ಟೀಚರು. ನೀಲಕ್ಕನ ಜೊತೆ ಒಂದೇ ಮೇಜು ಹಂಚಿಕೊಂಡು, ಒಂದೇ ಡಬ್ಬಿಯಲ್ಲಿ ಉಂಡು ಇಪ್ಪತ್ತು ವರ್ಷ ಕಳೆದವರು. ನೀಲಕ್ಕನ ಭೂಪಟಗಳಿಗೆಲ್ಲ ಬಣ್ಣ ಹಾಕಿಕೊಟ್ಟವರು ಅವರೇ. ತೀರಿಕೊಂಡು ಎರಡು ವಾರವಾಗಿತ್ತು. ಹಿಂದಿನ ಪುಟದಲ್ಲಿ ಫೋಟೋ ಸಮೇತ ಹಾಕಿಸಿದ್ದರಂತೆ.

ನೀಲಕ್ಕ ಬಂದವಳ ಎದುರು, "ಹ್ಞೂಂ ಕಣೆ, ಆಗ ಒಂದಿಷ್ಟು ಜ್ವರ ಇತ್ತು" ಎಂದು ಸುಳ್ಳು ಹೇಳಿದರು. ತಮ್ಮನ ಮರ್ಯಾದೆ ಉಳಿಸಲು ಹೇಳಿದ ಸುಳ್ಳು ಅದು. ಸಂಜೆ ಇವರು ಆಫೀಸಿನಿಂದ ಬಂದಾಗ ನೀಲಕ್ಕ ಹತ್ತಿರ ಕರೆದರು.

"ಕೊಟ್ರೇಶಿ, ತೀರ್ಕಂಡೋರ ಸುದ್ದಿ ಪೇಪರ್‌ನಾಗೆ ಬರಲ್ವೇನೋ ಈಗ?"

"ಬರ್ತೈತಕ್ಕ. ಹಿಂದಿನ ಪುಟದಾಗಿರ್ತೈತೆ. ಅದನ್ನ ಯಾರು ಓದ್ತಾರೆ?"

"ವಿಮಲಾ ಹೋಗ್ಬಿಟ್ಳಂತೆ."

ಇವರು ಕೈಯಲ್ಲಿದ್ದ ಚೀಲ ಕೆಳಗಿಡಲೂ ಆಗದೆ ನಿಂತುಬಿಟ್ಟರು. ವಿಮಲಾಬಾಯಿ ಇವರಿಗೂ ಚಿಕ್ಕಂದಿನಿಂದ ಗೊತ್ತಿದ್ದವರು. ಇವರು ಹಾಗೇ ಅತ್ತುಬಿಟ್ಟರು. ಆ ದನಿ ಹೋದ ದಿನವೂ ಇವರು ಅತ್ತಿರಲಿಲ್ಲ. ನೀಲಕ್ಕ ಕೈ ಚಾಚಿ ತಡಕಾಡಿ ಇವರ ತೋಳು ಹಿಡಿದುಕೊಂಡರು.

"ಅಳಬ್ಯಾಡ. ನೀನು ಕೆಟ್ಟೋನಲ್ಲ ಕಣೋ. ನಿಂಗೆ ಬ್ಯಾಡದ್ದು ಯಾರಿಗೂ ಬ್ಯಾಡ ಅನ್ಕಂತೀಯ, ಅಷ್ಟೇ. ಆ ನನ್ನ ದನಿಗೆ ಏನೂ ತಿಳೀತಿರ್ಲಿಲ್ಲ, ಅದ್ಕೇ ಎಲ್ಲಾನೂ ಓದ್ತಿತ್ತು. ಯಾವ್ದು ಬೇಕು ಯಾವ್ದು ಬ್ಯಾಡ ಅನ್ನೋ ಕೆಲಸ ನಂದಾಗಿತ್ತು. ನಾಳೆಯಿಂದ ನೀನು ಸುಮ್ನೆ ಓದು. ಬಿಡೋದು ನಾನು ಬಿಡ್ತೀನಿ."

ಅಂದಿನಿಂದ ಇವರು ಒಂದಕ್ಷರ ಬಿಡುವುದಿಲ್ಲ. ಬೆಳಗಿನ ಹೊತ್ತು ಸಾಲದೆಂದು ಸಂಜೆಗೂ ಇಟ್ಟುಕೊಂಡಿದ್ದಾರೆ. ಪೇಪರಿನ ಹೆಸರಿನಿಂದ ಶುರು ಮಾಡಿ ಕೊನೆಯ ಪುಟದ ಅಡಿಯಲ್ಲಿರುವ ಮುದ್ರಣಾಲಯದ ವಿಳಾಸದವರೆಗೆ, ನಡುವೆ ಸಿಗುವ ಬೋರ್‌ವೆಲ್ಲು, ಟೆಂಡರು, ಶ್ರದ್ಧಾಂಜಲಿ, ವರ ಬೇಕಾಗಿದ್ದಾನೆ, ಎಲ್ಲವನ್ನೂ ಓದುತ್ತಾರೆ. ಅಡ್ಡ ಮಾತಾಡುವುದಿಲ್ಲ. ಆದರೆ ಮನುಷ್ಯರ ಗಂಟಲು ಎಷ್ಟೆಂದು ತಡೆದೀತು? ಅರ್ಧ ದಾಟುವಷ್ಟರಲ್ಲಿ ದನಿ ಒಡೆಯುತ್ತದೆ, ಕೆಮ್ಮು ಬರುತ್ತದೆ. ನಾನು ನೀರು ತಂದುಕೊಡುತ್ತೇನೆ. ಇವರು ನೀರು ಕುಡಿಯುವ ಸದ್ದು ಕೇಳಿದ ಕೂಡಲೇ ನೀಲಕ್ಕ, "ಸಾಕು ಬಿಡೋ ಇವತ್ತಿಗೆ" ಎನ್ನುತ್ತಾರೆ. ಸಾಕಾಗಿ ಹೇಳುವ ಮಾತಲ್ಲ ಅದು, ನಮಗಿಬ್ಬರಿಗೂ ಗೊತ್ತು. ಆ ಯಂತ್ರಕ್ಕೆ ಅವರು ಒಂದು ದಿನವೂ ಸಾಕು ಅಂದದ್ದನ್ನು ನಾನು ಕೇಳಿಲ್ಲ. ಅರ್ಥವಾಗದ ಸಾಲು ಬಂದರೆ ಅದರ ಕೈಲಿ ಮತ್ತೆ ಮತ್ತೆ ಓದಿಸಿ, ಗದರಿಸಿ, ತಾವೇ ನಗುತ್ತಿದ್ದರು. ತಮ್ಮನ ಕೈಲಿ ಒಂದು ಸಾಲನ್ನೂ ಎರಡನೇ ಸಲ ಓದಿಸುವುದಿಲ್ಲ. ಮತ್ತೆ ಓದು ಎಂದು ಕೇಳಲಿ ಎಂದೇ ಇವರು ಈಚೆಗೆ ಸಾಲು ಮುಗಿದಲ್ಲೆಲ್ಲ ಸ್ವಲ್ಪ ಹೊತ್ತು ನಿಲ್ಲುತ್ತಾರೆ, ಅಕ್ಕನ ಮುಖ ನೋಡುತ್ತಾರೆ.

"ಹ್ಞೂಂ" ಎನ್ನುತ್ತಾರೆ ನೀಲಕ್ಕ. "ಮುಂದಕ್ಕೆ ಹೋಗು."